ರಾಜಮತಿ ಟೀಚರ್ ಅವರ ಬಲಭುಜ

ಧಾರವಾಡದ ಕಿವುಡ ಮಕ್ಕಳ ಶಾಲೆಯೊಂದರಲ್ಲಿ ರಾಜಮತಿ ಉಪಾಧ್ಯೆ ಗಣಿತ ಕಲಿಸುತ್ತಿದ್ದಳು. ಹುಟ್ಟಿದಾಗಿನಿಂದ ಅವಳಿಗೂ ಕಿವಿ ಕೇಳಿಸುತ್ತಿರಲಿಲ್ಲ. ಗಣಿತ ಅವಳ ಸಂಬಳದ ಕೆಲಸ. ಆದರೆ ಮಕ್ಕಳು ವಾರವಿಡೀ ಕಾಯುತ್ತಿದ್ದುದು ಶನಿವಾರ ಅವಳು ಹೇಳುವ ಕಥೆಗೆ. ಅವಳು ಹುಲಿ ಎಂದರೆ ಹತ್ತು ಬೆರಳಿಗೂ ಉಗುರು ಮೂಡುತ್ತಿದ್ದವು. ಹೊಳೆ ಎಂದರೆ ಎರಡು ತೋಳುಗಳ ನಡುವೆ ನೀರು ಸುಳಿ ತಿರುಗುತ್ತಿತ್ತು. ಸನ್ನೆ ಭಾಷೆ ಬಲ್ಲ ಎಲ್ಲರೂ ಕಥೆ ಹೇಳಲಾರರು, ಬಾಯಿ ಇದ್ದವರೆಲ್ಲ ಹಾಡಲಾರದ ಹಾಗೆ. ರಾಜಮತಿಯ ಕೈಯಲ್ಲಿ ಅದು ಹಾಡೇ ಆಗಿತ್ತು.

ಒಂದು ವರ್ಷ ಆಷಾಢದಲ್ಲಿ ಗಂಡ ಭರತೇಶನ ಸ್ಕೂಟರಿನ ಹಿಂದೆ ಕೂತು ಬರುವಾಗ ನಾಯಿಯೊಂದು ಅಡ್ಡ ಬಂತು. ಭರತೇಶ ಬ್ರೇಕ್ ಹಾಕಿದ, ಸ್ಕೂಟರ್ ಜಾರಿ ಉರುಳಿತು. ಅವನು ತರಚಿದ ಮೊಣಕಾಲಿನೊಂದಿಗೆ ಎದ್ದು ನಿಂತ, ರಾಜಮತಿ ಬಲಗೈ ಊರಿ ರಸ್ತೆಯ ಅಂಚಿನ ಕಲ್ಲಿನ ಮೇಲೆ ಬಿದ್ದಳು.

ಎಲುಬು ಮುರಿದಿರಲಿಲ್ಲ. ಆದರೆ ತೋಳಿನ ಎಲುಬಿನ ಗುಂಡನೆಯ ತುದಿಯನ್ನು ಅದರ ಗೂಡಿನಲ್ಲಿ ಹಿಡಿದಿಡುವ ಸ್ನಾಯುರಜ್ಜುಗಳು ಹರಿದಿದ್ದವು. ಆಸ್ಪತ್ರೆಯಲ್ಲಿ ಹೊಲಿದರು. ಕೆಲವು ತಿಂಗಳಲ್ಲಿ ಹೊಲಿಗೆ ಬಿಟ್ಟುಕೊಂಡಿತು. ಎರಡನೆಯ ಸಲ ಪರೀಕ್ಷಿಸಿದ ವೈದ್ಯರು, ಸ್ನಾಯು ಸೊರಗಿ ಕೊಬ್ಬಾಗಿದೆ, ಜೀರ್ಣವಾದ ಬಟ್ಟೆಗೆ ಸೂಜಿ ಹಾಕಿದಷ್ಟೂ ಹರಿಯುತ್ತದೆ ಎಂದರು.

ಬೇರೆಯವರಿಗಾದರೆ ಇದು ಕೈಯ ನೋವು. ರಾಜಮತಿಗೆ ಮಾತೇ ಹೋದಂತಾಯಿತು. ಅವಳ ಭಾಷೆಯಲ್ಲಿ ಅವ್ವ ಎನ್ನಲು ಬೆರಳು ಮೂಗುತಿಯ ಜಾಗಕ್ಕೆ ಹೋಗಬೇಕು, ಅಪ್ಪ ಎನ್ನಲು ಮೀಸೆಗೆ, ವಿಚಾರ ಎನ್ನಲು ಹಣೆಗೆ. ಆಕಾಶ ತಲೆಯ ಮೇಲಿದೆ. ಬಲಗೈ ಎದೆಯ ಮಟ್ಟ ದಾಟುತ್ತಿರಲಿಲ್ಲ. ಎಡಗೈಯೊಂದರಿಂದ ಆಡಿದ ಮಾತು ತೊದಲಿದಂತಿರುತ್ತಿತ್ತು. ಎರಡು ಕೈ ಬೇಕಾದ ಪದಗಳಂತೂ ಅರ್ಧಕ್ಕೇ ನಿಲ್ಲುತ್ತಿದ್ದವು. ಶಾಲೆಯಲ್ಲಿ ಅವಳು ಲೆಕ್ಕವನ್ನು ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆದು ಸುಮ್ಮನೆ ಕೂರತೊಡಗಿದಳು. ಶನಿವಾರದ ಕಥೆ ನಿಂತಿತು.

*

ಹುಬ್ಬಳ್ಳಿ–ಧಾರವಾಡ ರಸ್ತೆಯ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ 'ಎಳೆ' ಎಂಬ ಪುಟ್ಟ ಕಂಪನಿ ಇತ್ತು. ಅದನ್ನು ಕಟ್ಟಿದವಳು ಡಾ. ಜುಬೇದಾ ನದಾಫ್, ಮೂಳೆ ಶಸ್ತ್ರವೈದ್ಯೆ. ಅವಳ ತಂದೆ ಹತ್ತಿ ಹಿಂಜುವವರು. ವರ್ಷಗಟ್ಟಲೆ ಹತ್ತಿಯ ಬಿಲ್ಲು ಮಿಡಿದು ಮಿಡಿದು ಅವರ ಭುಜ ಸವೆದು, ಕೊನೆಗಾಲದಲ್ಲಿ ಅಂಗಿಯನ್ನೂ ಬೇರೆಯವರೇ ತೊಡಿಸಬೇಕಾಗಿತ್ತು. ಆಸ್ಪತ್ರೆಯ ಒಳ್ಳೆಯ ಕೆಲಸ ಬಿಟ್ಟು ಜುಬೇದಾ ಈ ಶೆಡ್ಡಿಗೆ ಬಂದದ್ದು ಒಂದೇ ಪ್ರಶ್ನೆಯನ್ನು ಬೆನ್ನಟ್ಟಿ: ಹರಿದುಹೋದ ಸ್ನಾಯುರಜ್ಜುವಿನ ಜಾಗಕ್ಕೆ ತಾನೇ ಜಗ್ಗಬಲ್ಲ ಇನ್ನೊಂದನ್ನು ನೇಯ್ದು ಹಾಕಿದರೆ?

ಭರತೇಶ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಪತ್ರಿಕೆಯಲ್ಲಿ ಕಂಪನಿಯ ಸುದ್ದಿ ಓದಿ ಹೆಂಡತಿಯನ್ನು ಕರೆದುಕೊಂಡು ಬಂದ. ಅವನಿಗೆ ಕಿವಿ ಕೇಳಿಸುತ್ತಿತ್ತು; ರಾಜಮತಿಯನ್ನು ಮದುವೆಯಾಗಬೇಕೆಂದೇ ಸನ್ನೆ ಕಲಿತವನು. ಅವಳ ಮಾತನ್ನು ಎಲ್ಲೆಡೆ ಅವನೇ ಬಾಯಿಂದ, ಬೇರೆಯವರ ಮಾತನ್ನು ಅವಳಿಗೆ ಕೈಯಿಂದ ಹೇಳುತ್ತಿದ್ದ.

ಜುಬೇದಾ ಭರತೇಶನತ್ತ ನೋಡದೆ ನೇರವಾಗಿ ರಾಜಮತಿಯ ಮುಖ ನೋಡಿಯೇ ಮಾತಾಡಿದಳು. ರಾಜಮತಿಗೆ ಅದು ಮೊದಲು ಹಿಡಿಸಿತು.

"ಎಳೆ ಅಂದ್ರ ದಾರ. ಎಳೆ ಅಂದ್ರ ಜಗ್ಗು. ನಮ್ಮ ಪಟ್ಟಿ ಎರಡೂ ಹೌದ್ರಿ," ಎನ್ನುತ್ತ ಅವಳು ಬೇವಿನ ಎಲೆಯಷ್ಟು ಅಗಲದ, ಮಾಸಲು ಬಿಳಿಯ ಪಟ್ಟಿಯೊಂದನ್ನು ಅಂಗೈಯಲ್ಲಿಟ್ಟಳು. ಕೂದಲಿಗಿಂತ ಸಣ್ಣ ನಾರುಗಳ ನೇಯ್ಗೆ ಅದು. ಸ್ವಲ್ಪ ವಿದ್ಯುತ್ ಹರಿಸಿದರೆ ನಾರುಗಳು ಸ್ನಾಯುವಿನ ಹಾಗೆ ಕುಗ್ಗುತ್ತವೆ, ನಿಲ್ಲಿಸಿದರೆ ಸಡಿಲಾಗುತ್ತವೆ. ಒಂದು ತುದಿ ಹೆಗಲಿನ ಹಿಂಬದಿಯ ಅಗಲ ಎಲುಬಿಗೆ, ಇನ್ನೊಂದು ತುದಿ ತೋಳಿನ ಎಲುಬಿನ ತಲೆಗೆ ಪುಟ್ಟ ತಿರುಪಿನಿಂದ ಕೂರುತ್ತದೆ. ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಚಿಪ್. ಮಿದುಳು ಕೈ ಎತ್ತೆಂದು ಹೇಳಿದಾಗ ಉಳಿದ ಸ್ನಾಯುಗಳಲ್ಲಿ ಏಳುವ ಸಣ್ಣ ವಿದ್ಯುತ್ ಮಿಡಿತವನ್ನು ಅದು ಹಿಡಿದು, ಪಟ್ಟಿಯನ್ನು ಅದಕ್ಕೆ ತಕ್ಕಂತೆ ಕುಗ್ಗಿಸುತ್ತದೆ. ಮಲಗುವಾಗ ಹೆಗಲ ಮೇಲೊಂದು ಮೆತ್ತೆ ಇಟ್ಟುಕೊಂಡರೆ ಚರ್ಮದ ಮೂಲಕವೇ ಚಾರ್ಜ್ ಆಗುತ್ತದೆ.

"ಕೈ ಏಳತೈತಿ ಅಂತ ಖಾತ್ರಿ ಐತೇನ್ರಿ?" ಭರತೇಶ ಕೇಳಿದ.

"ಖಾತ್ರಿ ಕೊಡಂಗಿಲ್ರಿ. ಇನ್ನೂ ಪರೀಕ್ಷಾ ನಡದೈತಿ. ಮೊದಲ ಹಾಕಿಸ್ಕೊಂಡವ್ರ ಕೈ ಎದ್ದಾವ. ಒಬ್ರು ಗೌಂಡಿ, ಈಗ ಮತ್ತ ಗ್ವಾಡಿಗೆ ಸಿಮೆಂಟ್ ಬಳೀತಾರ. ಆದ್ರ ಒಂದು ಮಾತು. ಎಲುಬಿನ್ಯಾಗ ಕುಂತ ತಿರುಪು ಕಿತ್ತು ಬಂದ್ರ ಅದ ಜಾಗಾದಾಗ ಮತ್ತೊಂದು ಹಾಕಾಕ ಆಗೂದಿಲ್ಲ. ಅದನ್ನ ಮುಚ್ಚಿಟ್ಟು ನಿಮ್ಮನ್ನ ಕರಕೊಳ್ಳಂಗಿಲ್ಲ ನಾ."

ರಾಜಮತಿ ಎಡಗೈಯಲ್ಲಿ ಏನೋ ಹೇಳಿದಳು. ಭರತೇಶ ತಡವರಿಸಿ ಅನುವಾದಿಸಿದ: "ನಾ ಈಗ ಅರ್ಧಾ ಮನಷ್ಯಾಳ ಗತೆ ಮಾತಾಡಾಕತ್ತೀನಿ, ಹಾಕ್ರಿ, ಅಂತಾಳ್ರಿ."

*

ಶಸ್ತ್ರಕ್ರಿಯೆ ಸಸೂತ್ರ ಮುಗಿಯಿತು. ಗಾಯ ಮಾಗುವವರೆಗೆ ಕೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿತ್ತು. ಆಮೇಲೆ ಪಟ್ಟಿಯೂ ತೋಳೂ ಒಂದನ್ನೊಂದು ಅರಿಯುವ ಕಾಲ. ದಿನವೂ ಶೆಡ್ಡಿಗೆ ಬಂದು ಲೋಟ ಎತ್ತುವುದು, ಬೆನ್ನು ಮುಟ್ಟುವುದು, ತಲೆ ಬಾಚುವುದು. ಚಿಪ್‌ಗೆ ಪ್ರೋಗ್ರಾಂ ಬರೆದ ಶ್ರೀಪಾದ ಕಟಗೇರಿ ಪರದೆಯ ಮುಂದೆ ಕೂತು ಪ್ರತಿ ಚಲನೆಯ ಗೆರೆಯನ್ನೂ ನೋಡುತ್ತಿದ್ದ. ಮಿತಭಾಷಿ, ಕನ್ನಡಕ ಪದೇ ಪದೇ ಮೇಲೆ ತಳ್ಳುವ ಅಭ್ಯಾಸದವನು.

ಒಂದು ಬೆಳಗ್ಗೆ ರಾಜಮತಿಯ ಬಲಗೈ ಹಣೆ ದಾಟಿ, ತಲೆ ದಾಟಿ ಮೇಲೆ ಹೋಯಿತು. ಅವಳು ಮೊದಲು ಹೇಳಿದ್ದು ಆಕಾಶ. ಆಮೇಲೆ ಅವ್ವ. ಆಮೇಲೆ ಒಂದೇ ಸಮನೆ ಏನೇನೋ ಹೇಳತೊಡಗಿದಳು; ಭರತೇಶ ಅನುವಾದ ಬಿಟ್ಟು ನೋಡುತ್ತ ನಿಂತುಬಿಟ್ಟ. ಜುಬೇದಾ ಎಲ್ಲರಿಗೂ ಫೇಡೆ ಹಂಚಿದಳು.

ಮನೆಯಲ್ಲಿ ರಾಜಮತಿ ಹಗ್ಗದ ಮೇಲೆ ಬಟ್ಟೆ ಒಣಗಿಸಿದಳು. ನಾಗೊಂದಿಗೆಯ ಮೇಲಿನ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಮತ್ತೆ ಏರಿಸಿದಳು. ಶಾಲೆಯಲ್ಲಿ ಕಥೆಯ ಶನಿವಾರ ಮರಳಿತು.

ಆದರೆ ಆ ಶನಿವಾರ ಏನೋ ಸರಿಹೋಗಲಿಲ್ಲ. ಹುಲಿ ಬಂತು, ಮಕ್ಕಳು ಹೆದರಲಿಲ್ಲ. ಹೊಳೆಗೆ ಪ್ರವಾಹ ಬಂತು, ಯಾರ ಕಣ್ಣೂ ಅರಳಲಿಲ್ಲ. ಹಿಂದಿನ ಸಾಲಿನಲ್ಲಿ ಇಬ್ಬರು ತಮ್ಮತಮ್ಮಲ್ಲೇ ಮಾತಿಗಿಳಿದರು. ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ಸನ್ನೆಯಲ್ಲಿ ಮುಗ್ಧವಾಗಿ ಕೇಳಿದಳು: "ಟೀಚರ್, ನಿಮಗ ನಿದ್ದಿ ಬಂದದೇನು?"

ರಾಜಮತಿಗೆ ತನ್ನ ಕೈಯ ಮೇಲೆ ಅನುಮಾನ ಹುಟ್ಟಿತು. ಪದಗಳೆಲ್ಲ ಸರಿಯಾದ ಜಾಗಕ್ಕೇ ಹೋಗುತ್ತಿದ್ದವು, ಆದರೆ ಎಲ್ಲವೂ ಒಂದೇ ವೇಗದಲ್ಲಿ ತೇಲುತ್ತಿದ್ದವು. ತುಂತುರು ಮಳೆಯೂ ಜಡಿಮಳೆಯೂ ಒಂದೇ ಹದದಲ್ಲಿ ಸುರಿಯುತ್ತಿದ್ದವು.

ಅದು ಖಚಿತವಾದದ್ದು ಮನೆಯಲ್ಲಿ. ಭರತೇಶ ಹೇಳದೆ ಕೇಳದೆ ಡಿಪೋದಿಂದ ಗೆಳೆಯನ ಮನೆಗೆ ಹೋಗಿ, ಕತ್ತಲಾದ ಮೇಲೆ ಬಂದ. ಊಟ ಆರಿತ್ತು. ರಾಜಮತಿ ಸಿಟ್ಟಿನಿಂದ ಬೈಯಲು ಶುರು ಮಾಡಿದಳು. ಮುಖ ಕೆಂಪಾಗಿತ್ತು, ಎಡಗೈ ಚಾಟಿಯ ಹಾಗೆ ಬೀಸುತ್ತಿತ್ತು, ಬಲಗೈ ಮಾತ್ರ ಗಿರಾಕಿಗೆ ಸೀರೆ ಬಿಡಿಸಿ ತೋರಿಸುವ ಅಂಗಡಿಯವನ ಕೈಯಂತೆ ನಯವಾಗಿ ಆಡುತ್ತಿತ್ತು. ಭರತೇಶನಿಗೆ ನಗು ತಡೆಯಲಾಗಲಿಲ್ಲ.

"ಬೈಯಾಕತ್ತೀಯೋ, ಆಶೀರ್ವಾದ ಮಾಡಾಕತ್ತೀಯೋ?"

ಅವಳ ಕೈ ಗಾಳಿಯಲ್ಲೇ ನಿಂತಿತು. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಅವನು ಹಿಂದೆಯೇ ಹೋದ. ಅಳುತ್ತಿರುವವಳೊಂದಿಗೆ ಮಾತಾಡಬೇಕೆಂದರೂ ಅವಳು ತಿರುಗಿ ನೋಡಬೇಕಲ್ಲ! ಎದುರಿಗೆ ಹೋಗಿ ನೆಲದ ಮೇಲೆ ಕೂತ.

"ತಪ್ಪಾತು," ಎಂದ ಕೈಯಲ್ಲಿ.

"ನಿನ್ನ ತಪ್ಪಲ್ಲ," ಎಂದಳು ಅವಳು. ಸನ್ನೆಯಲ್ಲಿ ಬೆರಳು ತೋರಿದರೆ ಅದು ಸಲಿಗೆಯ ನೀನೂ ಹೌದು, ಗೌರವದ ನೀವೂ ಹೌದು; ಅವರ ಸಂಸಾರ ಹಾಗೇ ನಡೆದುಬಂದಿತ್ತು. "ಈ ಕೈಯಾಗ ಬ್ಯಾರೆ ಯಾರೋ ಕುಂತು ಮಾತಾಡ್ತಾರ. ಭಾಳ ಒಳ್ಳೆಯವ್ರು. ಆದರ ಅದು ನಾ ಅಲ್ಲ."

*

ಶೆಡ್ಡಿನಲ್ಲಿ ಈ ದೂರು ಕೇಳಿ ಶ್ರೀಪಾದ ಪರದೆಯನ್ನು ಅವರ ಕಡೆ ತಿರುಗಿಸಿದ.

"ನೋಡ್ರಿ, ಎಲ್ಲಾರಕಿಂತ ಚಲೋ ರಿಸಲ್ಟ್ ಇವರದ ಅದ. ಒಂದೂ ನಡುಕ ಇಲ್ಲ, ಜರ್ಕ್ ಇಲ್ಲ. ಗೆರಿ ಎಷ್ಟು ಮೆತ್ತಗ ಅದ ನೋಡ್ರಿ."

"ಯಾಕ ಮೆತ್ತಗ ಐತಿ?" ಜುಬೇದಾ ಕೇಳಿದಳು.

"ತಡಿ ಹಾಕೇನಲ್ರಿ ಮೇಡಂ. ಒಮ್ಮಿಂದೊಮ್ಮೆಲೆ ಜಗ್ಗೋ ಚಲನೆ ಬಂದ್ರ ಪಟ್ಟಿ ಅದನ್ನ ಸಾವಕಾಶ ಮಾಡ್ತದ. ಇಲ್ಲಾಂದ್ರ ತಿರುಪು ಕಿತ್ತು ಬರ್ತದ. ಆಡಿನ ಮ್ಯಾಲೆ ಪರೀಕ್ಷಾ ಮಾಡಿದಾಗ ಒಂದು ಬೇಲಿ ಜಿಗಿದು ಹಂಗ ಆಗಿತ್ತಲ್ಲ."

ಜುಬೇದಾ ರಾಜಮತಿಯತ್ತ ತಿರುಗಿದಳು. "ಸಣ್ಣ ಮಳಿ ಅಂತ ಹೇಳ್ರಿ. ಆಮ್ಯಾಲೆ ದೊಡ್ಡ ಮಳಿ."

ರಾಜಮತಿ ಎರಡನ್ನೂ ಹೇಳಿದಳು. ಪರದೆಯ ಮೇಲೆ ಎರಡು ಸಾಲು ಗೆರೆ ಮೂಡಿದವು. ಮೇಲಿನ ಸಾಲು ಸ್ನಾಯುವಿನಿಂದ ಬಂದ ಅಪ್ಪಣೆ, ಕೆಳಗಿನದು ಪಟ್ಟಿ ಮಾಡಿದ ಕೆಲಸ. ಮೇಲಿನ ಸಾಲಿನಲ್ಲಿ ಸಣ್ಣ ಮಳೆ ಬಯಲಿನ ಹಾಗೆ, ದೊಡ್ಡ ಮಳೆ ಗುಡ್ಡದ ಸಾಲಿನ ಹಾಗೆ ಎದ್ದಿದ್ದವು. ಕೆಳಗಿನ ಸಾಲಿನಲ್ಲಿ ಎರಡೂ ಬಯಲು.

ಶ್ರೀಪಾದ ಕನ್ನಡಕ ಮೇಲೆ ತಳ್ಳಿ ಬಹಳ ಹೊತ್ತು ಗೆರೆಗಳನ್ನೇ ನೋಡಿದ. "ಅವರು ಒದರ್ಲಿಕತ್ತಾರ," ಎಂದ ಕೊನೆಗೆ, "ನಮ್ಮ ಪಟ್ಟಿ ಪಿಸುಗುಡ್ಲಿಕತ್ತದ."

ಗಂಡ ಹೆಂಡತಿ ಹೋದ ಮೇಲೆ ಶೆಡ್ಡಿನಲ್ಲಿ ವಾದ ನಡೆಯಿತು. ಪರೀಕ್ಷೆ ಮುಗಿಯುವ ಹಂತದಲ್ಲಿತ್ತು. ನಡುವೆ ಪ್ರೋಗ್ರಾಂ ಬದಲಿಸಿದರೆ ಅನುಮತಿ ಕೊಟ್ಟ ನೀತಿ ಸಮಿತಿಗೆ ತಿಳಿಸಿ, ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಅಷ್ಟರಲ್ಲಿ ಬೇರೆ ಕಂಪನಿಗಳು ಮುಂದೆ ಹೋಗಿರುತ್ತವೆ.

"ಕೈ ಎತ್ತಿಸೋದು ನಮ್ಮ ಗುರಿ ಇತ್ತು ಮೇಡಂ. ಮುಟ್ಟೇವಿ," ಶ್ರೀಪಾದ ಹೇಳಿದ. ಅವನ ಮಾತಿನಲ್ಲಿ ಹಟ ಇರಲಿಲ್ಲ, ದಣಿವಿತ್ತು.

"ಹಾಡೋರ ಗಂಟಲಾ ಕೊಯ್ದು, ಅನ್ನಾ ನುಂಗಾಕ ಬರತೈತಲ್ಲ, ಸಾಕು ಮನಿಗೆ ಹೋಗ್ರಿ ಅಂತೀರೇನು ಶ್ರೀಪಾದ?"

ಮರುದಿನ ಜುಬೇದಾ ತಾನೇ ಸಮಿತಿಯ ಮುಂದೆ ಹೋಗಿ ಪರೀಕ್ಷೆ ನಿಲ್ಲಿಸುವುದಾಗಿ ಹೇಳಿ ಬಂದಳು. ಇಬ್ಬರು ಎಂಜಿನಿಯರುಗಳು ಬೇಸತ್ತು ಬೇರೆ ಕೆಲಸ ಹಿಡಿದರು. ಶ್ರೀಪಾದ ಉಳಿದ.

*

ತಡೆಯನ್ನು ತೆಗೆದುಬಿಡುವುದು ಸುಲಭ. ತೆಗೆದರೆ ಎಡವಿ ಬಿದ್ದ ದಿನ ತಿರುಪು ಕಿತ್ತು ಬರುತ್ತದೆ. ಆಡಬೇಕಾದ ಜರ್ಕ್ ಯಾವುದು, ತಡೆಯಬೇಕಾದ ಜರ್ಕ್ ಯಾವುದು ಎಂದು ಅಕ್ಕಿಕಾಳಿನಷ್ಟು ಚಿಪ್‌ಗೆ ತಿಳಿಯುವುದು ಹೇಗೆ? ಪಟ್ಟಿಗೆ ಎರಡೂ ಒಂದೇ.

ಶ್ರೀಪಾದ ಶನಿವಾರಗಳಂದು ಶಾಲೆಗೆ ಹೋಗಿ ಕೂರತೊಡಗಿದ. ಒಂದೊಂದೇ ಪದ ಕಲಿತ. ಮಕ್ಕಳು ಅವನಿಗೆ ಸನ್ನೆಯ ಹೆಸರಿಟ್ಟರು: ಮೂಗಿನ ಮೇಲೆ ಬೆರಳಿಟ್ಟು ಮೇಲೆ ತಳ್ಳುವುದು. ಆ ಹೆಸರನ್ನು ಅವನು ಮನೆಯಲ್ಲಿ ಹೆಂಡತಿಗೂ ತೋರಿಸಿದನಂತೆ.

ಬಿಡುವಿನಲ್ಲಿ ಮಕ್ಕಳು ಅಂಗಳದ ಗಿಡ್ಡ ಗೋಡೆಯಿಂದ ಜಿಗಿದು ಆಡುತ್ತಿದ್ದರು. ಶ್ರೀಪಾದ ಚಹಾ ಕುಡಿಯುತ್ತ ನೋಡುತ್ತಿದ್ದ. ಜಿಗಿಯುವ ಮೊದಲು ಪ್ರತಿಯೊಂದು ಮಗುವೂ ಒಂದು ಗಳಿಗೆ ಮೈ ಕುಗ್ಗಿಸಿ ಮೊಣಕಾಲು ಮಡಚುತ್ತಿತ್ತು. ಅಷ್ಟರಲ್ಲಿ ಒಬ್ಬಳು ಗೋಡೆಯ ಮೇಲೆ ನಡೆಯುತ್ತ ಕಾಲು ಜಾರಿ ಮರಳಿನ ಮೇಲೆ ಬಿದ್ದಳು, ಎದ್ದು ಲಂಗ ಕೊಡವಿಕೊಂಡು ಓಡಿದಳು. ಅವಳು ಕುಗ್ಗಿರಲಿಲ್ಲ.

ಅವನು ಚಹಾದ ಲೋಟವನ್ನು ಅಲ್ಲೇ ಬಿಟ್ಟು ಶೆಡ್ಡಿಗೆ ಬಂದ.

"ಬೇಕಂತ ಜಿಗಿಯೋವ ಮೊದಲ ಸಜ್ಜಾಗ್ತಾನ ಮೇಡಂ. ಬೀಳೋವ ಸಜ್ಜಾಗಂಗಿಲ್ಲ! ಭುಜದಾಗೂ ಹಂಗ ಇರಬೇಕು."

ಹಾಗೆಯೇ ಇತ್ತು. ರಾಜಮತಿ ಬೇಕೆಂದೇ ಕೈ ಬೀಸುವ ಮುನ್ನ, ಕಣ್ಣಿಗೆ ಕಾಣದಷ್ಟು ಮೊದಲು, ಎದೆಯ ಮತ್ತು ಬೆನ್ನಿನ ಸ್ನಾಯುಗಳು ಬಿಗಿಯಾಗುತ್ತಿದ್ದವು. ಬೀಸಿದ ಕೈಯನ್ನು ಹಿಡಿದು ನಿಲ್ಲಿಸಲು ದೇಹ ಮೊದಲೇ ಮಾಡಿಕೊಳ್ಳುವ ಸಿದ್ಧತೆ ಅದು. ಆಕಸ್ಮಿಕವಾಗಿ ಕೈ ಜಗ್ಗಿದಾಗ ಆ ಬಿಗಿತ ಇರುತ್ತಿರಲಿಲ್ಲ. ಚಿಪ್ ಅದನ್ನು ಗುರುತಿಸಿದರೆ ಸಾಕು: ಸಿದ್ಧತೆ ಇದ್ದರೆ ಪೂರ್ತಿ ಜಗ್ಗು, ಇಲ್ಲದಿದ್ದರೆ ಪೂರ್ತಿ ಸಡಿಲ ಬಿಡು.

ಹೊಸ ಪ್ರೋಗ್ರಾಮನ್ನು ಮೊದಲು ಯಂತ್ರದ ಭುಜವೊಂದರ ಮೇಲೆ ಓಡಿಸಿದರು. ಉಕ್ಕಿನ ತೋಳು, ಎಲುಬಿನಷ್ಟೇ ಗಟ್ಟಿಯ ತಲೆ, ಅದರಲ್ಲಿ ಅದೇ ತಿರುಪು. ರಾಜಮತಿಯ ಭುಜದಿಂದ ಬಂದ ಅಪ್ಪಣೆಗಳನ್ನೇ ಅದಕ್ಕೆ ಉಣಿಸಿದ್ದರಿಂದ ತಿಂಗಳುಗಟ್ಟಲೆ ಶೆಡ್ಡಿನ ಮೂಲೆಯಲ್ಲಿ ಬೆರಳಿಲ್ಲದ ಉಕ್ಕಿನ ತೋಳೊಂದು ಬೇಸರವಿಲ್ಲದೆ ಹುಲಿಯ ಕಥೆ ಹೇಳುತ್ತಿತ್ತು. ಒಮ್ಮೆ ತಿರುಪು ಕಿತ್ತು ಬಂತು. ಸಡಿಲ ಬಿಡುವುದು ತುಸು ತಡವಾಗಿತ್ತು. ಶ್ರೀಪಾದ ಮತ್ತೆ ಬರೆದ. ಆಮೇಲೆ ಎಷ್ಟು ಜಗ್ಗಿದರೂ ಬರಲಿಲ್ಲ. ಸಮಿತಿಯವರು ಬಂದು ನೋಡಿ, ಒಬ್ಬರ ಮೇಲೆ ಪ್ರಯೋಗಿಸಲು ಒಪ್ಪಿದರು.

ಒಪ್ಪದವನು ಭರತೇಶ.

"ಈಗ ತಲಿ ಬಾಚ್ಕೊಂತಿ, ಬಟ್ಟಿ ಒಣಗಿಸ್ತಿ, ಪಾಠಾ ಹೇಳ್ತಿ. ಇದ್ದದ್ದೂ ಹೋದ್ರ? ಆ ಸ್ಕೂಟರ್ ಹೊಡಿದಾಂವ ನಾ. ಮತ್ತೊಮ್ಮೆ ನಿನ್ನ ಕೈ ಹೋಗೂದು ನೋಡಾಕ ಆಗಂಗಿಲ್ಲ ನನಗ."

ಅವನು ಆ ಮಾತನ್ನು ಹಿಂದೆಂದೂ ಆಡಿರಲಿಲ್ಲ. ರಾಜಮತಿ ಅವನ ಕೈಗಳನ್ನು ಹಿಡಿದುಕೊಂಡಳು. ಹಿಡಿದರೆ ಇಬ್ಬರ ಮಾತೂ ನಿಲ್ಲುತ್ತದೆ. ಆಮೇಲೆ ಅವಳು ಬಿಡಿಸಿಕೊಂಡು ಹೇಳಿದಳು:

"ಅಡ್ಡ ಬಂದದ್ದು ನಾಯಿ. ನೀ ಅಲ್ಲ. ನಮ್ಮ ಸಾಲ್ಯಾಗ ಭಾಳ ಮಕ್ಕಳು ಭಾಷಾ ಇಲ್ಲದ ಬರ್ತಾವ. ಮನ್ಯಾಗ ಯಾರಿಗೂ ಸನ್ನಿ ಬರಂಗಿಲ್ಲ. ಅವು ಮೊದಲ ನೋಡೋದು ನನ್ನ ಕೈ. ಈ ಕೈಯಿಂದ ಕಲತ್ರ ಸಿಟ್ಟು ಅಂದ್ರೇನು, ಖುಷಿ ಅಂದ್ರೇನು ಅವಕ್ಕ ಹೆಂಗ ಗೊತ್ತಾಗ್ತದ? ಹಾಕಸ್ಕೋತೀನಿ."

ಭರತೇಶ ತಲೆಯಾಡಿಸಿದ. ಒಪ್ಪಿದ ಹಾಗಿರಲಿಲ್ಲ, ಬಿಟ್ಟುಕೊಟ್ಟ ಹಾಗಿತ್ತು.

ಚಾರ್ಜ್ ಮಾಡುವ ಮೆತ್ತೆಯ ಮೂಲಕವೇ ಹೊಸ ಪ್ರೋಗ್ರಾಂ ಒಳಗೆ ಹೋಯಿತು. ರಾಜಮತಿ ಎದ್ದು ನಿಂತಳು. ಬಲಗೈ ಒಮ್ಮೆ ಅತ್ತ, ಒಮ್ಮೆ ಇತ್ತ ಚಿಮ್ಮಿತು. ಎಡಗೈ ಅದರ ಜೊತೆಗೂಡಿತು. ಎರಡೂ ಕೈಗಳು ಗಾಳಿಯನ್ನು ಕಡೆದು, ಒದರಿ, ಹೂವಿನ ಹಾಗೆ ಬಿಚ್ಚಿಕೊಂಡವು.

"ಏನಂದ್ರು?" ಜುಬೇದಾ ಕಾತರದಿಂದ ಕೇಳಿದಳು.

ಭರತೇಶ ಹೆಂಡತಿಯ ಕೈಗಳನ್ನೇ ನೋಡುತ್ತ ಹೇಳಿದ: "ಏನೂ ಅನ್ಲಿಲ್ರಿ. ನಕ್ಕಳು. ಕೈಯಿಂದ ನಕ್ಕಳು."

*

ಆದರೂ ಭುಜಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು ಶೆಡ್ಡಿನ ಹೊರಗೆ. ತುಂಬಿದ ಸಿಟಿ ಬಸ್ಸಿನಲ್ಲಿ ರಾಜಮತಿ ಮೇಲಿನ ಕಂಬಿಯನ್ನು ಬಲಗೈಯಲ್ಲಿ ಹಿಡಿದು ನಿಂತಿದ್ದಳು. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಮುಂದೆ ಏನಾಗುತ್ತಿದೆ ಎಂದು ಯಾರೋ ಕೂಗಿರಬಹುದು, ಅವಳಿಗೆ ಕೇಳಿಸಿರಲಿಲ್ಲ. ಇಡೀ ಮೈಭಾರ ಆ ಒಂದು ಭುಜದ ಮೇಲೆ ಬಿತ್ತು. ಮರುಕ್ಷಣ ಕೈ ಕಂಬಿಯಿಂದ ಬಾಳೆದಿಂಡಿನ ಹಾಗೆ ಕಳಚಿತು. ಅವಳು ಪಕ್ಕದ ಹೆಂಗಸಿನ ಮಡಿಲಿಗೆ ಬಿದ್ದಳು. ಬಲಗೈ ಏಳಲಿಲ್ಲ.

ಭರತೇಶ ಡಿಪೋದಿಂದ ಮೈಯೆಲ್ಲ ಗ್ರೀಸಿನಲ್ಲೇ ಓಡಿ ಬಂದ. ಶೆಡ್ಡಿನಲ್ಲಿ ಎಕ್ಸ್‌ರೇ ತೆಗೆದರು. ಜುಬೇದಾ ಚಿತ್ರವನ್ನು ದೀಪಕ್ಕೆ ಹಿಡಿದು ನೋಡಿದಳು, ಇನ್ನೊಮ್ಮೆ ನೋಡಿದಳು, ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತಳು.

"ತಿರುಪು ಕೂದಲೆಳಿಯಷ್ಟೂ ಸರದಿಲ್ಲ. ಪಟ್ಟಿ ತಾನ ಬಂದ್ ಆಗಿ, ಕೈ ಬಿಟ್ಟು ಎಲುಬು ಉಳಿಸೇತಿ. ಮತ್ತ ಚಾಲೂ ಮಾಡ್ರಿ ಶ್ರೀಪಾದ."

ಶ್ರೀಪಾದ ಚಾಲೂ ಮಾಡಿದ. ರಾಜಮತಿಯ ಕೈ ನಿಧಾನವಾಗಿ ಎದ್ದಿತು. ಆಗ ಭರತೇಶ ಗ್ರೀಸಿನ ಕೈಯಲ್ಲೇ ಶ್ರೀಪಾದನನ್ನು ತಬ್ಬಿಕೊಂಡ; ಅವನ ಬಿಳಿ ಅಂಗಿ ಆ ದಿನದಿಂದ ಮೂಲೆ ಸೇರಿತು.

ಪರೀಕ್ಷೆ ಮತ್ತೆ ಮೊದಲಿನಿಂದ ಶುರುವಾಗಿ, ವರ್ಷ ಕಳೆದು ಮುಗಿಯಿತು. ಮೊದಲೇ ಪಟ್ಟಿ ಹಾಕಿಸಿಕೊಂಡವರೂ ಹೊಸ ಪ್ರೋಗ್ರಾಂ ಕೇಳಿ ಪಡೆದರು. ಬೇರೆ ಕಂಪನಿಗಳ ಪಟ್ಟಿಗಳೂ ಅಷ್ಟರಲ್ಲಿ ಬಂದಿದ್ದವು, ಕೈ ಎತ್ತಿಸುತ್ತಿದ್ದವು. ಆದರೆ ಡೊಳ್ಳು ಬಾರಿಸುವವರು, ವಾಲಿಬಾಲ್ ಆಡುವವರು, ದೂರದೂರದ ಊರುಗಳಿಂದ ಕೈಯಲ್ಲೇ ಮಾತಾಡುವವರು ಧಾರವಾಡದ ರಸ್ತೆಯ ತಗಡಿನ ಶೆಡ್ಡನ್ನು ಹುಡುಕಿಕೊಂಡು ಬರುತ್ತಿದ್ದರು.

ಪಟ್ಟಿಯನ್ನು ಎಲ್ಲರಿಗೂ ಹಾಕಬಹುದೆಂಬ ಅನುಮತಿ ಪತ್ರ ಬಂದ ವಾರ ಜುಬೇದಾ ಮೊದಲ ಸಲ ಶಾಲೆಯ ಕಥೆ ನೋಡಲು ಹೋದಳು. ಅಷ್ಟು ವರ್ಷ ಆ ಭುಜವನ್ನು ಒಳಗಿನಿಂದ ಬಲ್ಲವಳು. ಅದು ಆಡುವ ಭಾಷೆ ಮಾತ್ರ ಅವಳಿಗೆ ಬರುತ್ತಿರಲಿಲ್ಲ. ಭರತೇಶ ಪಕ್ಕದಲ್ಲಿ ಕೂತು ಹೇಳುತ್ತೇನೆಂದರೂ, "ಬ್ಯಾಡ್ರಿ, ಇವತ್ತ ಸುಮ್ನ ನೋಡ್ತೀನಿ," ಎಂದು ಹಿಂದಿನ ಸಾಲಿನಲ್ಲಿ ಮಕ್ಕಳ ನಡುವೆ ಚಾಪೆಯ ಮೇಲೆ ಕೂತಳು.

ಕಾಡಿನ ಕಥೆ. ರಾಜಮತಿಯ ಎಡಗೈ ನೆಲವಾಯಿತು, ಬಲಗೈ ಅದರ ಮೇಲೆ ಮೊಳೆತು ಬೆಳೆಯತೊಡಗಿತು. ಎದೆ ದಾಟಿತು, ಹಣೆ ದಾಟಿತು, ತಲೆಯ ಮೇಲೆ ಬೆರಳು ಬಿಚ್ಚಿ ಹೆಮ್ಮರವಾಗಿ ನಿಂತಿತು. ಗಾಳಿ ಎದ್ದಿತು. ಮರ ತೊನೆಯಿತು. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಮರ ಒಮ್ಮೆ ಈಚೆ ವಾಲಿತು, ತಡೆದು ನಿಂತಿತು, ಮತ್ತೆ ವಾಲಿತು. ಬುಡ ಕಿತ್ತುಬಂತು. ಬಲಗೈ ಮೇಲಿಂದ ಸಿಡಿಲಿನ ಹಾಗೆ ನೇರ ಮಕ್ಕಳ ಕಡೆಗೆ ಬಂತು.

ಇಡೀ ಕೋಣೆ ಒಟ್ಟಿಗೆ ಪಕ್ಕಕ್ಕೆ ಬಾಗಿತು. ಡಾಕ್ಟರ್ ಜುಬೇದಾ ಎರಡೂ ಕೈಗಳಲ್ಲಿ ತಲೆ ಮುಚ್ಚಿಕೊಂಡು ಎಲ್ಲರಿಗಿಂತ ಕೆಳಗೆ ಬಾಗಿದ್ದಳು.